ಗುರುದೇವಿಯಕ್ಕನ ಡಬ್ಬಿ

ಮೆಹದಿಪಟ್ಟಣಂನಲ್ಲಿ ಟಿಫಿನ್ ಬಂಡಿ ಇಟ್ಟಿರುವ ರಾಯಚೂರು ಕಡೆಯ ಹುಲಗೇಶ, ಗುರುದೇವಿಯಕ್ಕನನ್ನು ದೂರದಿಂದ ಕಂಡೊಡನೆ ಪ್ಲಾಸ್ಟಿಕ್ ಕವರುಗಳನ್ನು ಒಳಗೆ ಸರಿಸುತ್ತಾನೆ. "ಬಿಸಿ ಸಾಂಬಾರ ಕವರಿಗೆ ಹಾಕಬ್ಯಾಡಪ್ಪಾ, ಡಬ್ಬಿ ತಂದೀನಿ" ಎಂಬ ಮಾತು ಅವನಿಗೆ ಬಾಯಿಪಾಠ. ಅಕ್ಕನ ಮನೆಯಲ್ಲಿ ಉಪ್ಪು ಕೂಡ ಪಿಂಗಾಣಿ ಭರಣಿಯಲ್ಲಿದೆ. ಘಮಘಮಿಸುವ ಪೌಡರ್ ಬಳಿದುಕೊಂಡು ಬಂದವರಿಗೆ ಕಿಟಕಿಯ ಪಕ್ಕದ ಕುರ್ಚಿಯೇ ಗತಿ. ಮದುವೆಗೆ ಹೋದರೂ ಅವರ ಬ್ಯಾಗಿನಿಂದ ಉಡುಗೊರೆಗಿಂತ ಮೊದಲು ಸ್ವಂತ ಲೋಟ ಹೊರಬರುತ್ತದೆ. "ನಮ್ಮ ವೈನಿ ಸ್ವರ್ಗಕ್ಕ ಹೋದರೂ ಅಮೃತಕ್ಕ ಡಬ್ಬಿ ಒಯ್ತಾರ" ಎಂದು ನಾದಿನಿ ನಗುತ್ತಾಳೆ. ಅಕ್ಕ ನಗುವುದಿಲ್ಲ. ಅವರು ಈ ವ್ರತ ಹಿಡಿದದ್ದು ಮಗಳು ಮೂರನೇ ತರಗತಿಯಲ್ಲೇ ಮೈನೆರೆದ ವರ್ಷ. ಪ್ಲಾಸ್ಟಿಕ್ಕು, ಪೌಡರುಗಳಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಂದು ಬಂಧುಗಳು ಆರತಿ ಎತ್ತುವಾಗ, ದೊಡ್ಡವರ ಸೀರೆಯಲ್ಲಿ ಮುಳುಗಿ ಕೂತಿದ್ದ ಮಗಳು ಕೇಳಿದ್ದಳು: "ಅವ್ವಾ, ಇವತ್ತ ನನ್ನ ಬರ್ತ್‌ಡೇ ಅಲ್ಲಲ್ಲ, ಆರತಿ ಯಾಕ?"