ನಮ್ಮ ಮನೆಯಲ್ಲಿ ಸೋಪು ಉಂಟು

"ನಮ್ಮ ಮನೆಯಲ್ಲಿ ಸೋಪು ಉಂಟು ಮೇಡಂ."

ಹೀಗೆಂದು ಆ ಅಜ್ಜಿ ಗುಲಾಬಿ ಬಣ್ಣದ ಸೂಟ್‌ಕೇಸೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಇಟ್ಟರು ಎಂದರೆ ಕುಕ್ಕಿದರು. ನನ್ನ ಟೀ ಅರ್ಧ ಸಾಸರಿಗೆ ಬಂತು.

ನಾನು ಫ್ಯಾಮಿಲಿ ಕೇಸುಗಳ ವಕೀಲೆ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಬಿಜೈಯಲ್ಲಿರುವ ನನ್ನ ಆಫೀಸಿಗೆ ಜನ ಅಳಲು ಬರುತ್ತಾರೆ, ಜಗಳಾಡಲು ಬರುತ್ತಾರೆ, ಕೆಲವರು ಬಸ್ಸು ಬರುವವರೆಗೆ ಫ್ಯಾನಿನಡಿ ಕೂರಲೂ ಬರುತ್ತಾರೆ. ಸೋಪಿನ ದೂರು ಹೊತ್ತುಕೊಂಡು ಬಂದವರು ಮಾತ್ರ ಇವರೇ ಮೊದಲು.

ವಿಷಯ ಇಷ್ಟು. ನನ್ನ ಕಕ್ಷಿದಾರರು ವಿದ್ಯಾ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ಬ್ಯಾಂಕಿನಲ್ಲಿ ಕೆಲಸ, ಪಂಪ್‌ವೆಲ್ ಹತ್ತಿರ ಬಾಡಿಗೆ ಫ್ಲ್ಯಾಟು. ಗಂಡ ಹರೀಶ್ ಕಾಲೇಜಿನಲ್ಲಿ ಪಾಠ ಮಾಡುವವರು. ಶಕ್ತಿನಗರದಲ್ಲಿ ಮನೆ, ದೇವಸ್ಥಾನದ ಪೂಜೆ ನಡೆಸಿಕೊಂಡು ಬಂದ ಕುಟುಂಬ. ಇಬ್ಬರೂ ಬೇರೆಯಾಗಿದ್ದಾರೆ. ಮಗಳು ಅನ್ವಿಗೆ ಎಂಟು ವರ್ಷ. ಅಮ್ಮನ ಜೊತೆ ಇರುತ್ತಾಳೆ, ತಿಂಗಳಿಗೆ ಎರಡು ಶನಿವಾರ ಅಪ್ಪನ ಮನೆಗೆ ಹೋಗಿ ಭಾನುವಾರ ಸಂಜೆ ವಾಪಸು ಬರುತ್ತಾಳೆ. ಒಬ್ಬರ ಬಾಗಿಲಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಹಾಗಾಗಿ ಮಗುವನ್ನು ಬಿಡುವುದು, ಕರೆದುಕೊಂಡು ಹೋಗುವುದು ಎಲ್ಲ ನನ್ನ ಆಫೀಸಿನಲ್ಲಿ. (ಹೌದು, ಭಾನುವಾರವೂ ತೆರೆಯುತ್ತೇನೆ. ಮನೆಯಲ್ಲಿ ಬೈಗುಳ ತಿನ್ನುತ್ತೇನೆ.)

ಆ ಭಾನುವಾರ ಮಗುವನ್ನು ಬಿಡಲು ಬಂದ ಹರೀಶರ ತಾಯಿ, ಸೋಪಿನ ಮಾತು ಹೇಳಿ ಹೊರಟೇ ಹೋದರು. ಹಿಂದೆಯೇ ಹರೀಶ್, ನೆಲ ನೋಡುತ್ತಾ. ಅನ್ವಿ ಹೊಸ ಫ್ರಾಕಿನಲ್ಲಿ ನಿಂತಿದ್ದಳು. ಫ್ರಾಕಿನ ಟ್ಯಾಗು ಇನ್ನೂ ಕಂಕುಳಲ್ಲಿ ನೇತಾಡುತ್ತಿತ್ತು.

ಸ್ವಲ್ಪ ಹೊತ್ತಿಗೆ ವಿದ್ಯಾ ಬಂದರು. ಜಿಪ್ ಎಳೆದು ಸೂಟ್‌ಕೇಸ್ ತೆರೆದರು. ಮೇಲಿನ ಮಡಿಕೆ ಕೂಡ ಅಲುಗಿರಲಿಲ್ಲ.

"ನೋಡಿ ಮೇಡಂ! ಮುಟ್ಟಲೇ ಇಲ್ಲ! ನಾನು ಕೊಟ್ಟದ್ದು ಅಂತ ಹೇಳಿ ನನ್ನ ಮಗುವಿಗೆ ಬಟ್ಟೆ ಸಹ ಹಾಕಲಿಲ್ಲ!"

ನಾನು ನೋಡಿದೆ. ಸೂಟ್‌ಕೇಸ್ ನೋಡುವುದರಲ್ಲಿ ನನ್ನದು ಪಳಗಿದ ಕಣ್ಣು ಮಾರಾಯ್ರೆ. ನಮ್ಮದು ಕೊಂಕಣಿ ಮನೆ. ಅಣ್ಣ, ತಮ್ಮ, ಅತ್ತಿಗೆ ಎಲ್ಲರೂ ಗಲ್ಫಿನಲ್ಲಿ. ಯಾರು ರಜೆ ಮುಗಿಸಿ ಹೊರಟರೂ ಪ್ಯಾಕಿಂಗಿಗೆ ನನಗೇ ಕರೆ. ಭಾರದ್ದೆಲ್ಲ ಚಕ್ರದ ಬದಿಗೆ, ಬಟ್ಟೆ ಸುರುಳಿ ಸುತ್ತಿ, ಸಾಕ್ಸು ಶೂವಿನ ಒಳಗೆ. ಇನ್ನೇನು ಜಿಪ್ ಎಳೆಯಬೇಕು ಎನ್ನುವಾಗ ಪಕ್ಕದ ಮನೆಯವರು "ಒಂದು ಸಣ್ಣ ಪ್ಯಾಕೆಟ್ ಮಾತ್ರ" ಎಂದು ಹಲಸಿನ ಹಪ್ಪಳದ ಮೂಟೆ ತರುತ್ತಾರೆ. ಅದಕ್ಕೂ ಜಾಗ ಮಾಡಿಕೊಟ್ಟವಳು ನಾನು. ಇಷ್ಟು ವರ್ಷಗಳ ಅನುಭವದಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಹೋಗುವ ಕಡೆ ಸಿಗುವುದನ್ನು ಇಲ್ಲಿಂದ ಹೊರಬೇಡಿ.

ವಿದ್ಯಾ ಅವರ ಪ್ಯಾಕಿಂಗ್ ಫಸ್ಟ್ ಕ್ಲಾಸ್. ಆದರೆ ಏನೇನಿತ್ತು ಗೊತ್ತೇ? ಸೋಪು, ಪೇಸ್ಟು, ಟವೆಲು, ಹಾಸಿಗೆ ಬಟ್ಟೆ, ತಲೆದಿಂಬಿನ ಕವರು, ಸ್ಟೀಲಿನ ತಟ್ಟೆ, ಚಮಚ. ಕುಡಿಯುವ ನೀರು ಕೂಡ! ಒಂದು ರಾತ್ರಿಗೆ. ಅದೂ ಇದೇ ಊರಿನ ಶಕ್ತಿನಗರಕ್ಕೆ. ತಾನು ಸೊಸೆಯಾಗಿ ಬಾಳಿದ ಮನೆಗೆ ತಟ್ಟೆ ಕಳಿಸುವುದೆಂದರೆ ಎಂತ ಅರ್ಥ? ಅಜ್ಜಿಗೆ ಉರಿಯದೆ ಇರುತ್ತದೆಯೇ? ಹಿಂದೊಮ್ಮೆ ತೆರೆದು ಇದನ್ನೆಲ್ಲ ಕಂಡಿದ್ದ ಅವರು ಸೂಟ್‌ಕೇಸನ್ನು ಹಾಗೇ ಕಪಾಟಿನ ಮೇಲೆ ಏರಿಸಿ ಮಗುವಿಗೆ ಹೊಸ ಫ್ರಾಕು ತಂದಿದ್ದರು. ಈಚೆಗೆ ಪ್ರತಿ ಸಲವೂ ಹೀಗೇ ಆಗುತ್ತಿತ್ತಂತೆ.

"ಒಂದು ಪಿಟಿಷನ್ ಹಾಕಿ ಮೇಡಂ," ಎಂದರು ವಿದ್ಯಾ. "ರಾತ್ರಿ ಉಳಿಯುವುದು ಬೇಡ. ಅಲ್ಲಿಗೆ ಹೋಗುವ ಶನಿವಾರ ಬಂತೆಂದರೆ ಇವಳಿಗೆ ಹೊಟ್ಟೆನೋವು. ಆ ಮನೆಯಲ್ಲಿ ಎಂತದೋ ಸರಿ ಇಲ್ಲ."

ಅನ್ವಿ ಮೂಲೆಯ ಸೋಫಾದಲ್ಲಿ ಕುಳಿತು ಟ್ಯಾಗು ಎಳೆಯುತ್ತಿದ್ದಳು.

ಈಗ ಎಲ್ಲ ಆಫೀಸುಗಳಲ್ಲೂ ಕ್ಲೈಂಟ್ ಕೇರ್ ಎಂಬ ಮಾತು ಓಡುತ್ತಿದೆ. ಬಂದವರಿಗೆ ಟೀ ಕೊಡಿ, ಟಿಶ್ಯೂ ಡಬ್ಬ ಕೈಗೆ ಸಿಗುವಂತೆ ಇಡಿ, ಫೋನಿಗೆ ಉತ್ತರ ಕೊಡಿ. ಎಲ್ಲ ಸರಿ. ನಾನೂ ಮಾಡುತ್ತೇನೆ. ಆದರೆ ಕ್ಲೈಂಟ್ ಹೇಳಿದ್ದಕ್ಕೆಲ್ಲ ಕೋಲೆ ಬಸವನಂತೆ ತಲೆಯಾಡಿಸುವುದೂ ಕೇರ್ ಆಗುತ್ತದೆಯೇ? ಆ ಅರ್ಜಿ ಹಾಕುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಅದರಿಂದ ಒಂದು ಮಗು ಅಪ್ಪನ ಜೊತೆ ಕಳೆಯುವ ರಾತ್ರಿಗಳು ಹೋಗಬಹುದು. ಹೊಟ್ಟೆನೋವು ಯಾಕೆಂದು ತಿಳಿಯದೆ ನಾನು ಹಾಕುವುದಿಲ್ಲ ಎಂದುಬಿಟ್ಟೆ.

"ನೀವು ನನ್ನ ವಕೀಲರಾ, ಅವರ ವಕೀಲರಾ?"

"ನಿಮ್ಮ ವಕೀಲೆಯೇ. ಅದಕ್ಕೇ ಹೇಳ್ತಿದ್ದೇನೆ. ಮುಂದಿನ ಸಲ ಸೂಟ್‌ಕೇಸ್ ಹೀಗೇ ತನ್ನಿ. ಅಷ್ಟಾದ ನಂತರವೂ ನಿಮಗೆ ಪಿಟಿಷನ್ ಬೇಕಾದರೆ ಮಾತಾಡುವ."

ಆ ಕಡೆಯ ವಕೀಲರಿಗೂ ಫೋನ್ ಮಾಡಿದೆ. "ಸೂಟ್‌ಕೇಸಿನ ವಿಷಯದಲ್ಲಿ ಸಭೆಯಾ? ನಿಮಗೆ ಬೇರೆ ಕೆಲಸ ಇಲ್ಲವಾ ಮಾರಾಯ್ರೆ?" ಎಂದು ನಕ್ಕರು. ಇಲ್ಲ, ಸದ್ಯಕ್ಕೆ ಇದೇ ಕೆಲಸ ಎಂದೆ. ಒಪ್ಪಿದರು.

ಕಳೆದ ಶನಿವಾರ ಎಲ್ಲರೂ ಬಂದರು. ಒಂದು ಬದಿಗೆ ವಿದ್ಯಾ, ಇನ್ನೊಂದು ಬದಿಗೆ ಹರೀಶ್ ಮತ್ತು ಅಜ್ಜಿ. ನಾನು ಸೂಟ್‌ಕೇಸನ್ನು ಎತ್ತಿ ಮೇಜಿನ ಮೇಲೆ ಪೂರ್ತಿ ಸುರಿದೆ. ತಟ್ಟೆ ಠಣ್ಣೆಂದು ಉರುಳಿತು. ವಿದ್ಯಾ ಎದ್ದು ನಿಂತರು.

"ಕೂತ್ಕೊಳ್ಳಿ. ಇವತ್ತು ಯಾರೂ ಏನನ್ನೂ ಮುಟ್ಟುವಂತಿಲ್ಲ. ಅನ್ವೀ, ನಿನ್ನ ಬ್ಯಾಗು ನೀನೇ ತುಂಬಿಸು. ಬೇಕಾದ್ದು ಮಾತ್ರ."

ಮಗು ಅಮ್ಮನ ಮುಖ ನೋಡಿತು, ಅಜ್ಜಿಯ ಮುಖ ನೋಡಿತು. ಆಮೇಲೆ ಕೆಲಸಕ್ಕೆ ಇಳಿಯಿತು. ನೈಟ್ ಡ್ರೆಸ್ ಒಳಗೆ. ಒಂದು ಫ್ರಾಕು ಒಳಗೆ. ಅರ್ಧ ಬಣ್ಣ ಹಚ್ಚಿದ ಪುಸ್ತಕ ಒಳಗೆ. ಸೋಪನ್ನು ಬದಿಗೆ ಸರಿಸುತ್ತಾ, "ಅಲ್ಲಿ ಉಂಟು. ನನ್ನ ಹಳದಿ ಬ್ರಶ್ ಸಹ ಉಂಟು," ಎಂದಳು. ಅಜ್ಜಿ ಗೆದ್ದವರಂತೆ ನನ್ನತ್ತ ನೋಡಿದರು.

ಆಗ ಅನ್ವಿ ರಾಶಿಯ ಅಡಿಗೆ ಕೈ ಹಾಕಿ ಒಂದು ಹಳೆಯ ನೀಲಿ ಶಾಲು ಎಳೆದಳು. ಚೂಡಿದಾರದ್ದು. ತೊಳೆದು ತೊಳೆದು ಬಣ್ಣ ಹೋಗಿತ್ತು.

"ಇದು ನನ್ನದಲ್ಲವಾ? ನಾನು ಇದನ್ನು ಇಡ್ಲೇ ಇಲ್ಲ," ಎಂದರು ವಿದ್ಯಾ.

"ನಾನೇ ಅಡಿಗೆ ಹಾಕಿದ್ದು. ಮಲಗುವಾಗ ಬೇಕು."

"ಮತ್ತೆ ಅಲ್ಲಿ ಎಂತ ಮಾಡಿದಿ ಮಗಾ ಇಷ್ಟು ದಿನ?" ಹರೀಶ್ ಬಾಯಿ ಬಿಟ್ಟದ್ದು ಆಗಲೇ.

"ಸೂಟ್‌ಕೇಸ್ ಕಪಾಟಿನ ಮೇಲೆ ಇತ್ತಲ್ಲ. ನಿದ್ದೆ ಬರ್ಲಿಲ್ಲ."

ಅಜ್ಜಿಯ ಮುಖ ಸಪ್ಪೆಯಾಯಿತು. "ನನ್ನ ಹತ್ತಿರ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ತೆಗೆದು ಕೊಡ್ತಿದ್ದೆ."

"ಅಮ್ಮನ ಶಾಲು ಅಂದ್ರೆ ನಿಮಗೆ ಬೇಜಾರಾಗ್ತದಲ್ಲ ಅಜ್ಜಿ."

ಇಪ್ಪತ್ತು ವರ್ಷ ಕೋರ್ಟಿನಲ್ಲಿ ವಾದ ಮಾಡಿದ ನನಗೂ ಸಿಟ್ಟು ಬಂತು. ಎರಡು ಮನೆಯ ದೊಡ್ಡವರು ಸೇರಿ ಒಂದು ಮಗುವಿನ ನಿದ್ದೆ ಕೆಡಿಸಿ ಹೊಟ್ಟೆನೋವು ತರಿಸಿದ್ದರು. ಒಬ್ಬರು ತುಂಬಿಸಿ, ಒಬ್ಬರು ತೆರೆಯದೆ. ಇಬ್ಬರೂ ಪ್ರೀತಿಯಿಂದಲೇ ಮಾಡಿದ್ದು ಎಂದು ಬೇರೆ ಹೇಳುತ್ತಾರೆ.

ಟೀ ತರಿಸಿದೆ. ಇನ್ನು ಮುಂದೆ ಬ್ಯಾಗು ತುಂಬಿಸುವುದು ಅನ್ವಿ ಮಾತ್ರ, ಅಲ್ಲಿ ಅದು ಅವಳ ಮಂಚದ ಪಕ್ಕದಲ್ಲೇ ಇರಬೇಕು ಎಂದು ಖಡಾಖಂಡಿತವಾಗಿ ಹೇಳಿದೆ. ತಕರಾರು ಇದ್ದರೆ ಈಗಲೇ ಹೇಳಿ ಎಂದೆ. ಇರಲಿಲ್ಲ.

ಇದರಿಂದ ಗಂಡ ಹೆಂಡತಿ ಒಂದಾದರು ಎಂದುಕೊಳ್ಳಬೇಡಿ. ಕೇಸು ನಡೆಯುತ್ತಿದೆ, ನಡೆಯಲಿ. ಆದರೆ ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತರು. ಸೊಸೆಯ ಮುಖ ನೋಡದೆಯೇ ಕೇಳಿದರು.

"ಆ ಶಾಲು ಹೊದಿಸಬೇಕಾ?"

"ಬೇಡ. ತುದಿ ಕೈಯಲ್ಲಿ ಇದ್ರೆ ಸಾಕು," ಎಂದರು ವಿದ್ಯಾ. "ನನ್ನ ಹತ್ತಿರ ಸಹ ಹಾಗೇ ಮಲಗುವುದು."

ಬೇರೆಯಾದ ಮೇಲೆ ಅತ್ತೆ ಸೊಸೆ ಆಡಿದ ಮೊದಲ ಮಾತು ಇದು. ಭಾನುವಾರ ಸಂಜೆ ಅನ್ವಿ ಅರ್ಧ ಖಾಲಿ ಸೂಟ್‌ಕೇಸ್ ಎಳೆದುಕೊಂಡು ಬಂದು, ಬೆಳಿಗ್ಗೆ ಎಂಟು ಗಂಟೆಯವರೆಗೆ ಮಲಗಿದೆ ಎಂದು ವರದಿ ಒಪ್ಪಿಸಿದಳು. ವಿದ್ಯಾ ಪಿಟಿಷನ್ ಸುದ್ದಿ ಎತ್ತಲಿಲ್ಲ. ಮೇಜಿನ ಮೇಲೆ ಉಳಿದ ಸೋಪನ್ನು ನಾನು ಆಫೀಸಿನ ವಾಶ್‌ಬೇಸಿನ್ ಹತ್ತಿರ ಇಟ್ಟುಕೊಂಡಿದ್ದೇನೆ, ಒಳ್ಳೆಯ ಸೋಪು.

ನನ್ನ ಕಕ್ಷಿದಾರರ ಮಾತು ಕೇಳಿ ಅಂದೇ ಕೋರ್ಟಿಗೆ ಹೋಗಿದ್ದರೆ ನಾನು ಕೇಸು ಗೆಲ್ಲುತ್ತಿದ್ದೆನೋ ಏನೋ, ಆದರೆ ಆ ಶಾಲನ್ನು ಕಪಾಟಿನ ಮೇಲಿಂದ ಇಳಿಸುವ ಆರ್ಡರನ್ನು ಯಾವ ಜಡ್ಜ್ ಬರೆಯುತ್ತಿದ್ದರು?