ಪಂಡುಗಪ್ಪ ಮರಿಗಳಿಗೆ ಸಿಹಿನೀರು

ಬೆಳುಗುಪ್ಪ ಸುತ್ತಿನ ಗಂಡಸರು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಗುಳೆ ಹೋಗುತ್ತಿದ್ದ ವರ್ಷಗಳಲ್ಲಿ ನಾನು ರಾಯದುರ್ಗದಲ್ಲಿ ಮೀನುಗಾರಿಕೆ ಅಧಿಕಾರಿಯಾಗಿದ್ದೆ. ನೀರೇ ಇಲ್ಲದ ಸೀಮೆಗೆ ಮೀನಿನ ಮೇಡಮ್ ಎಂದು ಜನ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ಅಲ್ಲಿನ ರೈತ ಹೊನ್ನೂರಪ್ಪನ ಹೊಲದ ಬೋರಿನದು ಉಪ್ಪುನೀರು, ಬೆಳೆಗೆ ಒಗ್ಗದು. ಅದರಲ್ಲಿ ಪಂಡುಗಪ್ಪ ಎಂಬ ಮೀನು ಸಾಕಬಹುದು ಎಂದು ನಾನೇ ಹೇಳಿದ್ದೆ. ಆತ ಗಾರ್ಮೆಂಟ್ಸ್‌ನ ಇಸ್ತ್ರಿ ಕೆಲಸ ಬಿಟ್ಟು ಬಂದು ಹೊಂಡ ತೋಡಿಸಿದ. ಹೆಂಡತಿ ಸರೋಜ ತುಂಬು ಗರ್ಭಿಣಿ. ಮೀನು ಉಳಿದರೆ ಗಂಡ ಮನೆಯಲ್ಲಿರುತ್ತಾನೆ, ಇಲ್ಲವಾದರೆ ಮತ್ತೆ ಬೆಂಗಳೂರು.

ಪಂಡುಗಪ್ಪ ಹುಟ್ಟುವುದು ಕಡಲ ನೀರಿನಲ್ಲಿ. ಎಳೆಯ ಮರಿಗೆ ಉಪ್ಪು ಬೇಕೇ ಬೇಕು. ಬೆಳೆಯುತ್ತ ಅಳಿವೆ ದಾಟಿ ನದಿಗೆ ಏರಿ ಸಿಹಿನೀರಿನಲ್ಲೂ ಆರಾಮಾಗಿರುತ್ತದೆ. ಮೊಟ್ಟೆಯಿಡಲು ಮತ್ತೆ ಕಡಲಿಗೇ ಇಳಿಯಬೇಕು. ಒಂದು ನೀರಿನಿಂದ ಇನ್ನೊಂದಕ್ಕೆ ನಿಧಾನವಾಗಿ ಒಗ್ಗಿಸದಿದ್ದರೆ ಮರಿಗಳು ಸಾಯುತ್ತವೆ.

ಮರಿಗಳ ಗಾಡಿ ಬಂದ ಬೆಳಿಗ್ಗೆ ನಾನು ತಲುಪುವಷ್ಟರಲ್ಲಿ ಹೊನ್ನೂರಪ್ಪನ ತಾಯಿ ಈರಮ್ಮ ಮರಿಗಳಿದ್ದ, ಆಕ್ಸಿಜನ್ ತುಂಬಿದ ಒಂದು ಚೀಲ ಬಿಚ್ಚಿ ಸಿಮೆಂಟ್ ತೊಟ್ಟಿಗೆ ಸುರಿದಾಗಿತ್ತು. ಮರಿಗಳು ಅಡ್ಡಬಿದ್ದು ಗಿರಗಿರ ತಿರುಗುತ್ತಿದ್ದವು. ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿಗೆ ತೊಟ್ಟಿಯ ನೀರಿನ ಹನಿ ಹಾಕಿ ನೋಡಿದೆ. ಸೊನ್ನೆ.

“ಯಾವ ನೀರು ಹಾಕೀರಿ, ಅಮ್ಮಾ?”

“ಸಿಹಿನೀರು ರೀ, ಟ್ಯಾಂಕರ್ ತರಿಸೀವಿ. ಹೊಸಾ ಕುರಿಮರಿ ತಂದ್ರೂ, ಸೊಸಿ ಬಂದ್ರೂ ಮೊದ್ಲು ಸಿಹಿನೀರೇ ಕೊಡ್ತೀವಿ. ಕೂಸುಗಳಿಗೆ ಉಪ್ಪುನೀರು ಹೆಂಗ ಹಾಕೋದ್ರಿ?”

ಉಪ್ಪಿನ ವಿಷಯ ನಾನು ಹೊನ್ನೂರಪ್ಪನಿಗೆ ಹೇಳಿದ್ದೆ, ಈರಮ್ಮನಿಗೆ ಹೇಳಿರಲಿಲ್ಲ. ಉಳಿದ ಚೀಲಗಳಲ್ಲಿ ಆಕ್ಸಿಜನ್ ಮುಗಿಯುತ್ತಿತ್ತು, ಬಿಸಿಲು ಏರುತ್ತಿತ್ತು, ಬೋರಿಗೆ ಕರೆಂಟ್ ಇರಲಿಲ್ಲ. ತೊಟ್ಟಿ ಖಾಲಿ ಮಾಡಿಸಿ, ಹೊಂಡದ ಉಪ್ಪುನೀರನ್ನು ಕೊಡಗಳಲ್ಲಿ ಹೊರಿಸಿದೆ. ಚೀಲದ ನೀರಿನಷ್ಟು ಉಪ್ಪು ಅದರಲ್ಲೂ ಇರಲಿಲ್ಲ. ಕುರಿಗಳಿಗೆಂದು ಇಟ್ಟಿದ್ದ ಹರಳುಪ್ಪನ್ನು ಕರಗಿಸಿ ಸುರಿಯುತ್ತ, ಪ್ರತಿ ಸಲವೂ ಗಾಜು ನೋಡುತ್ತ ಹೋದೆ. ಹೆಚ್ಚಾದರೂ ಸಾವೇ.

ಸರೋಜಳೂ ಕೊಡ ಎತ್ತಿದ್ದಳು. ಕೂತುಕೋ ಎಂದು ಗದರಿದೆ.

“ಇವು ಸತ್ರ ಆತ ಹೋಗ್ತಾನ್ರಿ,” ಎಂದು ಅವಳು ನೀರು ಸುರಿದಳು.

ತೊಟ್ಟಿಯ ನೀರೂ ಚೀಲದ ನೀರೂ ಉಪ್ಪಿನಲ್ಲಿ ಸರಿಸಮವಾದ ಮೇಲೆ ಚೀಲಗಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಬಿಚ್ಚಿದೆ. ಮರಿಗಳು ತಳಕ್ಕಿಳಿದು ಅಲುಗಾಡದೆ ನಿಂತವು. ಸತ್ತವೋ, ಹೆದರಿವೆಯೋ ತಿಳಿಯಲಿಲ್ಲ. ಈರಮ್ಮ ಗೋಡೆಗೆ ಒರಗಿ, “ನಾನ ಕೊಂದ್ನೇನ್ರಿ?” ಎಂದು ಕೇಳುತ್ತಲೇ ಇದ್ದಳು. ನನಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

ಸಂಜೆ ಆಹಾರ ಚೆಲ್ಲಿದಾಗ ಮೇಲೆದ್ದು ಬಂದು ಕಿತ್ತಾಡಿದವು. ಮೊದಲ ಚೀಲದ್ದು ಒಂದೂ ಉಳಿಯಲಿಲ್ಲ, ಮಿಕ್ಕವು ಬದುಕಿದವು. ಹೊನ್ನೂರಪ್ಪ ಬೆಂಗಳೂರಿನ ಸೂಪರ್‌ವೈಸರಿಗೆ ಫೋನ್ ಮಾಡಿದ. “ಸಾರ್, ನಾ ಬರಂಗಿಲ್ರಿ.” ಸರೋಜ ಸೆರಗು ಬಾಯಿಗೊತ್ತಿ ಅತ್ತಳು.

ಆಮೇಲೆ ಮರಿ ತರಿಸುವ ಯಾವ ಮನೆಗೆ ಹೋದರೂ ಮೊದಲು ಆ ಮನೆಯ ಹಿರಿಯಳನ್ನು ಕೂರಿಸಿಕೊಂಡು ಮಾತಾಡುತ್ತಿದ್ದೆ. ಮನೆಗೆ ಬಂದ ಜೀವಕ್ಕೆ ಮೊದಲು ನೀರು ಕೊಡುವ ಕೈ ಅವಳದು. ಆದರೂ ಚೀಲ ಬಿಚ್ಚುವ ಮೊದಲು ತೊಟ್ಟಿಯ ನೀರಿನ ಹನಿಯನ್ನು ಎರಡೆರಡು ಸಲ ಗಾಜಿಗೆ ಹಾಕಿ ನೋಡುವುದನ್ನು ನಿವೃತ್ತಿಯವರೆಗೂ ಬಿಡಲಿಲ್ಲ.