ಮೊದಲು ಹೊಗೆಗೂಡು, ಆಮೇಲೆ ಒಲೆ

ಚನ್ನಪಟ್ಟಣದ ನಮ್ಮ ಅಡುಗೆಮನೆಯಲ್ಲಿ ಹಾಡಹಗಲೇ ದೀಪ ಹಚ್ಚಿಕೊಂಡು ಉಪ್ಪು ಹುಡುಕಬೇಕಿತ್ತು. ಕಿಟಕಿಯಿಲ್ಲ, ಹೊಗೆ ಹೋಗಲು ದಾರಿಯಿಲ್ಲ. ಹಿಪ್ಪುನೇರಳೆ ಕಡ್ಡಿ ಉರಿಸಿ ಉರಿಸಿ ಅಮ್ಮನ ಕಣ್ಣು ಸದಾ ಕೆಂಪಗಿರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆಕೆ ಕೇಳಿದ್ದು ಎರಡೇ: ಒಲೆಯ ಮೇಲೊಂದು ಹೊಗೆಗೂಡು, ಸೂರಿಗೊಂದು ಗಾಜಿನ ಹೆಂಚು. ಅಪ್ಪ ಶಾಲೆಯ ಮೇಷ್ಟರು. ಊರ ಮಕ್ಕಳಿಗೆಲ್ಲ ಗಾಳಿ ಬೆಳಕಿನ ಪಾಠ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ "ಮುಂದಿನ ವರ್ಷ ನೋಡಾಣ" ಎನ್ನುತ್ತಿದ್ದರು.

ಆ ಮುಂದಿನ ವರ್ಷ ಬಂದದ್ದು ಮನೆ ಮಾರುವಾಗ. ಅಪ್ಪನಿಗೆ ಕ್ಲೋಸ್‌ಪೇಟೆಗೆ, ಎಂದರೆ ಈಗಿನ ರಾಮನಗರಕ್ಕೆ, ವರ್ಗವಾಗಿತ್ತು. ಅಲ್ಲೊಂದು ಮನೆಯನ್ನೂ ಗೊತ್ತುಮಾಡಿದ್ದರು.

"ಕೊಳ್ಳೋರು ಬರೋದ್ರೊಳಗೆ ಅಡುಗೆಮನೆ ಒಸಿ ಸರಿ ಮಾಡಿಸ್ಬೇಕು ಕಣೇ. ಹೊಗೆಗೂಡು, ಗಾಜಿನ ಹೆಂಚು, ಗೋಡೆಗೆ ಸುಣ್ಣ. ಇಲ್ದಿದ್ರೆ ಯಾರ್ ತಗತಾರೆ?"

ಅಮ್ಮ ಊದುಗೊಳವೆ ಕೆಳಗಿಟ್ಟಳು. "ಹದ್ನೆಂಟು ವರ್ಷ ನಾನ್ ಕೆಮ್ಮಿದಾಗ ಇಲ್ದಿದ್ ಹೊಗೆಗೂಡು, ಗುರುತು ಪರಿಚಯ ಇಲ್ದೋರಿಗೆ ಯಾಕೆ? ಬ್ಯಾಡ."

ನನಗಾಗ ಹನ್ನೊಂದು ವರ್ಷ. ಅಮ್ಮ ಎದುರಾಡಿದ್ದನ್ನು ನೋಡಿದ್ದು ಅದೇ ಮೊದಲು, ನನಗೆ ಹೇಳಲಾರದಷ್ಟು ಖುಷಿಯಾಯಿತು. ಮಾರನೆಯ ದಿನ ಗಾರೆ ಕೆಲಸದವನು ಬಂದ. ಅಮ್ಮ ಒಲೆ ಆರಿಸಲಿಲ್ಲ, ಅಲ್ಲಿಂದ ಏಳಲೂ ಇಲ್ಲ. ಅವನು ಬಾಗಿಲಲ್ಲೇ ನಿಂತಿದ್ದು ಹೊರಟುಹೋದ.

ಮನೆ ನೋಡಲು ಬಂದವರು ಬೊಂಬೆ ಕಡೆಯುವ ಸಾಹೇಬರು, ಜೊತೆಗೆ ಹೆಂಡತಿ. ಗಂಡಸರು ಪಡಸಾಲೆಯಲ್ಲಿ ಕೂತರು. ಅಮ್ಮ ಆಕೆಯನ್ನು ನೇರ ಅಡುಗೆಮನೆಗೆ ಕರೆದೊಯ್ದು, ಬೇಕೆಂದೇ ಹಸಿ ಕಡ್ಡಿ ಒಲೆಗಿಟ್ಟಳು. ಇಬ್ಬರೂ ಸೇರಿ ಕೆಮ್ಮಿದರು.

"ನೋಡವ್ವ, ಮನೆ ಗಟ್ಟಿ ಐತೆ, ಬಾವಿ ನೀರು ಸಿಹಿ. ಹೊಗೆ ಮಾತ್ರ ಹೋಗಾಕಿಲ್ಲ. ಒಲೆ ಹಚ್ಚೋಕ್ ಮುಂಚೇನೆ ಹೊಗೆಗೂಡು ಮಾಡಿಸ್ಕೊ. ಹಚ್ಚಿದ್ ಮ್ಯಾಲೆ ಗಂಡಸ್ರು ಮಾಡ್ಸಾಕಿಲ್ಲ."

ಪಡಸಾಲೆಯಲ್ಲಿ ಅಪ್ಪನ ಮುಖ ಬಿಳಿಚಿಕೊಂಡಿತು. ವ್ಯಾಪಾರ ಮುರಿಯಿತೆಂದೇ ನಾನಂದುಕೊಂಡೆ. ಸಾಹೇಬರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಹೊರಬಂದು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಗಂಡನಿಗೆ ಹೇಳಿದಳು:

"ನಿಜ ಹೇಳೋರ್ ಮನೆ, ತಗಳಿ. ಆದ್ರೆ ಮೊದ್ಲು ಹೊಗೆಗೂಡು, ಆಮ್ಯಾಕೆ ನಾನು."

ಕ್ಲೋಸ್‌ಪೇಟೆಯ ಮನೆಗೆ ಹೊಸ ಗೋಡೆ, ಹೊಸ ಬಾಗಿಲು. ಅಡುಗೆಮನೆ ಮಾತ್ರ ಅದೇ ಗವಿ. ಹಾಲುಕ್ಕಿಸುವ ದಿನ ನೆಂಟರೆಲ್ಲ ಸೇರಿದ್ದರು. ಅಮ್ಮ ಹಾಲಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಳು, ಒಲೆ ಹಚ್ಚಲಿಲ್ಲ. ಸೋದರತ್ತೆ ಗದರಿದರು. ಪುರೋಹಿತರು ಹೊತ್ತು ಮೀರುತ್ತದೆಂದರು. ಅಮ್ಮ ಅಪ್ಪನನ್ನೇ ನೋಡುತ್ತಿದ್ದಳು.

ಕೊನೆಗೆ ಅಪ್ಪ ಜರಿ ಪೇಟ ತೆಗೆದಿಟ್ಟು, ಏಣಿ ಹತ್ತಿ, ಒಲೆಯ ಮೇಲಿನ ನಾಲ್ಕು ಹೆಂಚು ತಾವೇ ಕಿತ್ತರು. ಏಣಿ ಹಿಡಿದವಳು ನಾನು. ನಗು ಬಾರದಿರಲೆಂದು ತುಟಿ ಕಚ್ಚಿಕೊಂಡಿದ್ದೆ.

ಹಾಲುಕ್ಕಿತು. ಹೊಗೆ ನೆಟ್ಟಗೆ ಮೇಲೆ ಹೋಯಿತು, ಒಲೆಯ ಮೇಲೆ ಬಿಸಿಲು ಬಿತ್ತು. ಅಮ್ಮ ಮೊದಲ ಲೋಟ ಹಾಲನ್ನು ಅಪ್ಪನ ಕೈಗೆ ಕೊಟ್ಟಳು.

"ಈಗ ಬೇಕಾದ್ರೆ ಇದ್ನೂ ಮಾರ್ಕಳಿ," ಎಂದಳು.